ಗಾಳಿ ಮೊದಲು

ಕಾರ್ಲ್ಟನ್‌ವಿಲ್‌ನಲ್ಲಿ ಕಡಲಿಲ್ಲ.
ಚಿನ್ನ ಬಗೆದು ಬಗೆದು ಪೊಳ್ಳಾದ ನೆಲದ ಮೇಲೆ
ನಮ್ಮ ಮುಂಗೋಣೆಯ ಮೂಲೆಯಲ್ಲಿ ಮಾತ್ರ
ನಾನ್ನೂರು ಲೀಟರು ಕಡಲಿದೆ,
ಉಪ್ಪು ನಾನೇ ಬೆರೆಸಿದ್ದು.

ಇಪ್ಪತ್ತಾರು ವರ್ಷ ಗಣಿಗೆ ಗಾಳಿ ಇಳಿಸಿದವನು ನಾನು.
ಮೂರು ಕಿಲೋಮೀಟರು ಕೆಳಗೆ ಬೆವರುವವರ ಮೂಗಿಗೆ
ಮೇಲಿನ ಬೆಳಗನ್ನು ದೂಡುವ ಫ್ಯಾನು.
ಅದು ನಿಂತರೆ ಕಿವಿಗೆ ಬಡಿಯುವುದು ಸದ್ದಲ್ಲ,
ಸದ್ದು ಇದ್ದ ಜಾಗ.
ಈಗಲೂ ಪಂಪು ನಿಂತರೆ
ಮಾಲೆರಾಟೊ ಮಗ್ಗುಲು ಬದಲಿಸುವ ಮೊದಲೇ
ನನ್ನ ಕಾಲು ನೆಲ ಮುಟ್ಟಿರುತ್ತದೆ.

ಕರೆಂಟು ಹೋಗುವುದಕ್ಕೂ ಇಲ್ಲಿ ವೇಳಾಪಟ್ಟಿ:
ಹಂತ ಎರಡು, ಹಂತ ನಾಲ್ಕು, ಕೆಟ್ಟ ವಾರ ಆರು.
ಪಟ್ಟಿಯನ್ನು ನಾನು ನಂಬುತ್ತೇನೆ.
ತಾಮ್ರದ ತಂತಿ ಕದಿಯುವವರು ಪಟ್ಟಿ ಓದುವುದಿಲ್ಲ.

ಹಾಗಾಗಿ ಕ್ಯಾಲೆಂಡರಿನ ಬೆನ್ನ ಮೇಲೆ ಲೆಕ್ಕ.
ಬ್ಯಾಟರಿ ಒಂದು. ತುಂಬಿದರೆ ಸಾವಿರದಿನ್ನೂರು.
ಪೂರ್ತಿ ಹಿಂಡಿದರೆ ಅದು ಸಾಯುತ್ತದೆ, ಅರ್ಧ ಅದಕ್ಕೇ ಬಿಡಬೇಕು.
ಉಳಿದದ್ದು ಆರುನೂರು.
ಹೀಟರು ಗಂಟೆಗೆ ಮುನ್ನೂರು ಕೇಳುತ್ತದೆ,
ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.
ಅಲೆಯೆಬ್ಬಿಸುವ ಪುಟ್ಟ ಮೋಟರಿಗೆ ಹತ್ತೇ ಸಾಕು.
ಬೆರಳು ಮಡಿಚಿ ಎಣಿಸಿದೆ, ಮತ್ತೊಮ್ಮೆ ಎಣಿಸಿದೆ:
ಎರಡೂವರೆ ದಿನದಷ್ಟು ಅಲೆ.

ಬೆಳಕು ಬೇಡ, ಮೋಡದ ದಿನ ಹವಳಕ್ಕೆ ಹೊಸದಲ್ಲ.
ನೊರೆ ತೆಗೆಯುವ ಯಂತ್ರ ಬೇಡ, ಕೊಳೆ ಎರಡು ದಿನ ಕಾಯುತ್ತದೆ.
ಚಳಿಗೆ ಕಂಬಳಿ ಇದೆ,
ಲೆಸೊಥೊದಿಂದ ಅಪ್ಪ ಹೊದ್ದು ಬಂದದ್ದು,
ಗಾಜಿನ ಮೈಗೆ ಸುತ್ತಿ ಹಗ್ಗ ಬಿಗಿದರಾಯಿತು.
ಉಸಿರಿಗೆ ಕಂಬಳಿ ಇಲ್ಲ.
ಗಾಳಿ ಮೊದಲು, ಎಂದು ಮೇಲೆ ಬರೆದು ಎರಡು ಗೆರೆ ಎಳೆದೆ.

ಭಾನುವಾರ ಮಧ್ಯಾಹ್ನ ನಾನೇ ಪ್ಲಗ್ಗು ಕಿತ್ತೆ. ಕವಾಯತು.
ಕೊಳವೆಯ ನೀರು ಹಿಂದೆ ನುಗ್ಗಿತು,
ಕೆಳಗಿನ ತೊಟ್ಟಿ ಉಕ್ಕಿ ಚಾಪೆ ತೊಯ್ದಿತು.
ಇದು ಲೆಕ್ಕದಲ್ಲಿರಲಿಲ್ಲ.
ಕೊಳವೆಯ ಕುತ್ತಿಗೆಗೆ ಹೆಸರುಕಾಳಿನಷ್ಟು ತೂತು ಕೊರೆದೆ;
ಒಂದು ಗುಟುಕು ಗಾಳಿ ಕುಡಿದರೆ
ನೀರಿನ ಹಟ ಮುರಿಯುತ್ತದೆ.
ಚಾಪೆ ಹಿಂಡುತ್ತ ಮಾಲೆರಾಟೊ ಅಂದಳು:
"ಮೀನಿಗೆ ಆಸ್ಪತ್ರೆ ಕಟ್ಟು, ಮೊಕೆತೆ.
ಫ್ರಿಜ್ಜಿನ ಕೋಳಿಗೆ ನಾನು ಗುಂಡಿ ತೋಡುತ್ತೇನೆ."

ಜುಲೈ. ಹುಲ್ಲಿನ ಮೇಲೆ ಹಿಮದ ಬೂದಿ.
ಸಬ್‌ಸ್ಟೇಷನ್ ಸುಟ್ಟುಹೋಯಿತಂತೆ.
ಎರಡು ಗಂಟೆಯ ಕತ್ತಲು ಬೆಳಗಾದರೂ ಮುಗಿಯಲಿಲ್ಲ,
ಮತ್ತೆ ಸಂಜೆಯಾಯಿತು,
ಯಾವಾಗ ಬರುತ್ತದೆಂದು ಹೇಳುವವರ ಫೋನೂ ಸತ್ತಿತ್ತು.
ಟಾರ್ಚು ಹಿಡಿದು ಪಟ್ಟಿ ನೋಡಿದೆ:
ಅಲೆ, ಹತ್ತು.
ಗುಳ್ಳೆಯ ಪಂಪು, ಮೂರು.
ಅದರ ಕೆಳಗೆ ನನ್ನದಲ್ಲದ ಪೆನ್ಸಿಲು, ದುಂಡು ಅಕ್ಷರ:
ಪುಲೆಂಗ್, ಐದು.

ಮೊಮ್ಮಗಳು ಬ್ಯಾಟರಿಯ ಪಕ್ಕ ಕೂತಿದ್ದಳು.
ತೊಡೆಯ ಮೇಲೆ ಭೂಗೋಳ, ಕೈಯಲ್ಲಿ ಪುಟ್ಟ ದೀಪದ ತಂತಿ.
ಸಿಕ್ಕಿಸಿರಲಿಲ್ಲ. ಕೇಳಲೂ ಇಲ್ಲ.

ಹದಿಮೂರು ಹದಿನೆಂಟಾದರೆ
ನಲವತ್ತಾರು ಗಂಟೆ ಮೂವತ್ತಮೂರಾಗುತ್ತದೆ.
ಗಣಿಯಲ್ಲಿದ್ದಾಗ ಇಂಥ ಕಳೆಯುವ ಲೆಕ್ಕವನ್ನು
ಮೇಲಿನವರು ಮಾಡುತ್ತಿದ್ದರು,
ನಾವು ಕೆಳಗೆ ಅದರ ಉತ್ತರದೊಳಗಿರುತ್ತಿದ್ದೆವು.
ತಂತಿ ಇಸಿದುಕೊಂಡು ಸಿಕ್ಕಿಸಿದೆ.

ಕಂಬಳಿಯ ಸಂದಿಯಿಂದ ಬೆಳಕು ಒಳಗೆ ಇಣುಕಿತು.
ಕೋಡಂಗಿ ಮೀನು ಎದ್ದು ಬಂದು
ಗಾಜಿಗೆ ಮೂಗು ಒತ್ತಿತು.
ನೀರು ಇಪ್ಪತ್ತಮೂರಕ್ಕೆ ಇಳಿದಿತ್ತು.
ಅವಳು ನದಿಗಳನ್ನು ಒಪ್ಪಿಸುತ್ತಿದ್ದಳು:
ಕ್ಯಾಲೆಡನ್ ಆರೆಂಜನ್ನು ಸೇರುತ್ತದೆ,
ವಾಲ್ ಆರೆಂಜನ್ನು ಸೇರುತ್ತದೆ,
ಆರೆಂಜ್…
ಅಲ್ಲಿ ತಡವರಿಸಿ ನನ್ನ ಕಡೆ ನೋಡಿದಳು.
ನಾನು ಹೇಳಿಕೊಡಲಿಲ್ಲ,
ಮೀನಿನ ಕಿವಿರು ಎಣಿಸುತ್ತಿದ್ದೆ:
ಎಂಬತ್ತೊಂದು, ಎಂಬತ್ತೆರಡು.